ಮನೆಮಂದಿಗೆಲ್ಲ ಮೂರನೇ ಕ್ಲಾಸು

ಬೆಳಗ್ಗೆ ಎದ್ದ ಕೂಡಲೇ ನಾನೂ ಕಡ್ಡಿಯೂ ನೆಲದ ಮೇಲೆ ಬಿದ್ದ ಗುಂಡುಸೂಜಿ ಆಯುತ್ತೇವೆ. ಅವಳ ಕೈಯಲ್ಲಿ ಒಂದು ಅಯಸ್ಕಾಂತ, ನನ್ನ ಕೈಯಲ್ಲಿ ಒಂದು. ಅವಳು ಬಾಗಿಲ ಕಡೆಯಿಂದ ತೆವಳುತ್ತಾ ಬರುತ್ತಾಳೆ, ನಾನು ಹೊಲಿಗೆ ಮೆಷಿನ್ನಿನ ಕೆಳಗಿನಿಂದ. ಸೂಜಿ ಟಿಕ್ ಎಂದು ಅಂಟಿಕೊಳ್ಳುವ ಸದ್ದು ಬಿಟ್ಟರೆ ಮಾತಿಲ್ಲ. ನಡುವೆ ಎದುರಾದಾಗ ಯಾರಿಗೆ ಹೆಚ್ಚು ಸಿಕ್ಕಿದೆ ಎಂದು ತೋರಿಸಿಕೊಳ್ಳುತ್ತೇವೆ. ಹೆಚ್ಚಿನ ದಿನ ಅವಳಿಗೇ. ಕಣ್ಣು ಅಷ್ಟು ಚುರುಕು. ಆಮೇಲೆ ಎಲ್ಲವನ್ನೂ ಡಬ್ಬಿಗೆ ಉದುರಿಸಿ ಮುಚ್ಚಳ ಹಾಕುತ್ತೇವೆ. ನಮ್ಮ ಮನೆಯಲ್ಲಿ ಗದ್ದಲವಿಲ್ಲದೆ ಮುಗಿಯುವ ಕೆಲಸ ಇದೊಂದೇ.

ಕಡ್ಡಿ ನನ್ನ ಅಕ್ಕನ ಮಗಳು. ಎಂಟು ವರ್ಷದವಳು. ಕೈಕಾಲು ನೋಡಿದರೆ ಆ ಅಡ್ಡಹೆಸರು ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಅಕ್ಕ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ, ಬಿಸಿಲೇರುವ ಹೊತ್ತಿಗೆ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಬರುತ್ತಾಳೆ. ಭಾವ ಬಸ್ ಕಂಡಕ್ಟರು. ಭಾವನ ತಾಯಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತೇವೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮನೆಗೂ ಬೀದಿಗೂ ಒಟ್ಟಿಗೇ ಯಜಮಾನಿಕೆ ಮಾಡುತ್ತಾರೆ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಮಾತು ಕಡಿಮೆ. ಭಾವ ನನ್ನನ್ನು ಮೂಕಮ್ಮ ಎಂದು ರೇಗಿಸುತ್ತಾರೆ. ನಾನು ಅದಕ್ಕೂ ಏನೂ ಅನ್ನುವುದಿಲ್ಲ.

ಊರಲ್ಲಿ ಜ್ವರ ಹಬ್ಬಿ ಶಾಲೆ ಮುಚ್ಚಿದ ಮೇಲೆ ಟೀಚರ್ ಒಂದೊಂದೇ ಮನೆಗೆ ಫೋನ್ ಮಾಡಿ ಪಾಠ ಹೇಳತೊಡಗಿದರು. ನಮ್ಮ ಮನೆಯ ಸರದಿ ಊಟಕ್ಕೆ ಮುಂಚೆ. ಬಸ್ಸು ಸಂಜೆ ಮಾತ್ರ ಓಡುತ್ತಿದ್ದುದರಿಂದ ಭಾವ ಮನೆಯಲ್ಲೇ ಇರುತ್ತಿದ್ದರು. ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫೋನ್ ಇಟ್ಟು ಸ್ಪೀಕರ್ ಹಾಕಿದರೆ, ಕಡ್ಡಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಉಳಿದವರು ಅವಳ ಸುತ್ತ.

“ಏಳೆಂಟ್ಲಿ ಎಷ್ಟು ಮರಿ?” ಎಂದು ಟೀಚರ್ ಕೇಳುತ್ತಿದ್ದರು.

“ಐವತ್ತಾರು,” ಎಂದು ಭಾವ ಪಿಸುಗುಡುತ್ತಿದ್ದರು. ಅವರ ಪಿಸುಮಾತು ಬಸ್ಸಿನ ಕಡೆಯ ಸೀಟಿಗೂ ಕೇಳುವಂಥದ್ದು.

“ಐವತ್ತಾರು ಟೀಚರ್.”

“ಸರಿ. ಈಗ ಮೇಕೆಯ ಕತೆ. ಮೇಕೆ ಛಾವಣಿ ಹತ್ತಿದ್ದು ಯಾಕೆ?”

“ಹಸಿವಾಗಿತ್ತು ಅನ್ನು,” ಎಂದರು ಅಜ್ಜಿ.

“ಅಮ್ಮಾ, ನಾಯಿ ಅಟ್ಟಿಸ್ಕೊಂಡು ಬಂತಲ್ಲ!” ಎಂದರು ಭಾವ.

“ನಾಯಿ ಎಲ್ಲಿಂದ ಬಂತೋ? ಕತೇಲಿ ನಾಯಿನೇ ಇಲ್ಲ. ನೀನು ಬಸ್‌ಸ್ಟ್ಯಾಂಡಿನ ನಾಯಿ ತಂದು ಇಲ್ಲಿ ಬಿಡಬೇಡ.”

“ಇಬ್ಬರೂ ಸುಮ್ನಿರ್ತೀರಾ?” ಅಕ್ಕ ಹಿಟ್ಟಿನ ಕೈಯಲ್ಲೇ ಕಡ್ಡಿಯ ಬೆನ್ನು ತಟ್ಟಿದಳು. “ಸೊಪ್ಪು ಒಣಹಾಕಿದ್ರು ಅನ್ನೇ.”

“ಸೊಪ್ಪು ಒಣಹಾಕಿದ್ರು ಟೀಚರ್.”

“ನಿಮ್ಮನೆ ಮೇಕೆಗೆ ಕಾರಣ ಬಹಳ ಕಣಮ್ಮ,” ಎಂದು ಟೀಚರ್ ಮುಂದೆ ಹೋದರು.

ಫೋನ್ ಇಟ್ಟ ಮೇಲೆ ಅಜ್ಜಿ ಕಿಟಕಿಯಿಂದಲೇ ಎದುರುಮನೆಯವರಿಗೆ ಕೂಗಿ ಹೇಳಿದರು. “ನಮ್ಮ ಹುಡುಗಿ ಇವತ್ತೂ ಒಂದು ತಪ್ಪು ಮಾಡಲಿಲ್ಲ!” ಭಾವ ಮೀಸೆ ತಿರುವಿಕೊಂಡರು. ಎಲ್ಲರ ಮುಖದಲ್ಲೂ ತಾವೇ ಪಾಸಾದ ಕಳೆ.

ಮೆಷಿನ್ ತುಳಿಯುವವಳಿಗೆ ಬಾಯಿ ಬೇಡ, ಕಣ್ಣು ಬೇಕು. ನಾನು ನೋಡುತ್ತಿದ್ದೆ. ಓದುವ ಪಾಠ ಬಂದ ದಿನ ಕಡ್ಡಿಯ ಪುಸ್ತಕ ಬೇರೆ ಯಾವುದೋ ಪುಟಕ್ಕೆ ತೆರೆದಿತ್ತು. ಅಕ್ಕ ಹಿಂದಿನಿಂದ ತನ್ನ ಬಾಯಿಪಾಠದಿಂದ ಒಂದೊಂದೇ ವಾಕ್ಯ ಉಸುರುತ್ತಿದ್ದಳು, ಇವಳು ತಲೆ ಓರೆ ಮಾಡಿ ಅದನ್ನೇ ಹೇಳುತ್ತಿದ್ದಳು. ಪುಸ್ತಕದ ಕಡೆ ಅವಳ ಕಣ್ಣು ಹೋಗಲೇ ಇಲ್ಲ. ಕಣ್ಣು ಹೋಗುತ್ತಿದ್ದುದು ಬಾಯಿಗಳ ಮೇಲೆ. ಲೆಕ್ಕಕ್ಕೆ ಅಪ್ಪನ ಬಾಯಿ, ಕತೆಗೆ ಅಜ್ಜಿಯ ಬಾಯಿ, ಕಾಗುಣಿತಕ್ಕೆ ಅಮ್ಮನ ಬಾಯಿ. ಮೂವರೂ ಮೂರು ಹೇಳಿದರೆ ಅಮ್ಮನದೇ ಕೊನೆ. ಇಷ್ಟನ್ನೆಲ್ಲ ಲೆಕ್ಕ ಹಾಕಿಕೊಂಡ ಹುಡುಗಿ ದಡ್ಡಿಯಾಗಿರಲು ಸಾಧ್ಯವಿಲ್ಲ. ಆದರೆ ಓದಲು ಅವಳಿಗೆ ಬರುತ್ತಿರಲಿಲ್ಲ. ನನ್ನ ಬಾಯಿ ಯಾವಾಗಲೂ ಮುಚ್ಚಿರುತ್ತಿತ್ತಾದ್ದರಿಂದ ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಜ್ವರ ಇಳಿಯಿತು. ಬರುವ ವಾರ ಶಾಲೆ ತೆರೆಯುತ್ತದೆ, ಅದಕ್ಕೆ ಹಿಂದಿನ ದಿನ ಪ್ರತಿಯೊಂದು ಮಗುವೂ ಫೋನಿನಲ್ಲಿ ಒಂದು ಪುಟ ಓದಬೇಕು, ಯಾರಿಗೆ ಎಲ್ಲಿಂದ ಹೇಳಿಕೊಡಬೇಕೆಂದು ತಮಗೆ ಗೊತ್ತಾಗಲಿ ಎಂದು ಟೀಚರ್ ತಿಳಿಸಿದರು. ಮನೆಯವರು ಸಂಭ್ರಮದಲ್ಲಿದ್ದಾಗ ಕಡ್ಡಿ ಕಾಣಲಿಲ್ಲ. ಮೇಜಿನ ಕೆಳಗೆ ಚಿಂದಿ ಬಟ್ಟೆಯ ಮೂಟೆಗೆ ಒರಗಿ ಕೂತಿದ್ದಳು. ನಾನೂ ಬಗ್ಗಿ ಪಕ್ಕದಲ್ಲಿ ಕೂತೆ.

“ಚಿಕ್ಕಿ, ನಾನು ಶಾಲೆಗೆ ಹೋಗಲ್ಲ.”

ನಾನು ಅವಳ ಕೂದಲಿಗೆ ಹತ್ತಿದ್ದ ನೂಲನ್ನು ತೆಗೆದೆ.

“ಹೊಟ್ಟೆನೋವು ಅಂತೀನಿ. ದಿನಾ ಅಂತೀನಿ. ನಿನ್ನ ಥರಾನೇ ಮನೇಲಿ ಹೊಲ್ಕೊಂಡು ಇರ್ತೀನಿ.” ಅವಳು ಒಂದು ಚಿಂದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. “ಅಲ್ಲಿ ಯಾರ ಬಾಯಿ ನೋಡ್ಲಿ?”

ನಾನು ಶಾಲೆ ಬಿಟ್ಟಿದ್ದು ಆರನೇ ಕ್ಲಾಸಿನಲ್ಲಿ. ಎದ್ದು ನಿಲ್ಲು ಅಂದರೆ ನಿಲ್ಲುತ್ತಿದ್ದೆ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಅಷ್ಟೆ, ಗೊತ್ತಿಲ್ಲದಿದ್ದರೂ ಅಷ್ಟೆ. ಒಂದು ದಿನ ಹೊಟ್ಟೆನೋವು ಅಂದೆ. ಮಾರನೆಯ ದಿನವೂ ಅಂದೆ. ಮನೆಯವರು ಒಳ್ಳೆಯವರು, ಬಲವಂತ ಮಾಡಲಿಲ್ಲ. ಹೊಲಿಗೆ ನನಗೆ ಇಷ್ಟ, ಆ ಬಗ್ಗೆ ದೂರಿಲ್ಲ. ಆದರೆ ನಾನು ಅದನ್ನು ಆರಿಸಿಕೊಂಡು ಬಂದವಳಲ್ಲ, ಅದರ ಹಿಂದೆ ಅಡಗಿಕೊಳ್ಳಲು ಬಂದವಳು. ಈ ಹುಡುಗಿ ಮೇಜಿನ ಕೆಳಗೆ ಅಡಗಿ ಕೂತಿರುವುದೂ ಅದೇ ಥರ.

ಮರುದಿನ ಟೀಚರ್ ಫೋನ್ ಬರುವ ಮೊದಲು ನಾನು ಒಂದು ಸಭಾಂಗಣಕ್ಕಾಗಿ ಹೊಲಿದಿಟ್ಟಿದ್ದ ದಪ್ಪ ನೀಲಿ ಪರದೆಯನ್ನು ತೆಗೆದೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಪರದೆ ಇಳಿಬಿಟ್ಟೆ. ಮೇಜು, ಸ್ಟೂಲು, ನನ್ನ ಮೆಷಿನ್ನು ಪರದೆಯ ಒಳಗಾದವು. ಕುರ್ಚಿ, ಕಿಟಕಿ, ಬಾಯಿಗಳು ಹೊರಗಾದವು.

“ಏನಿದು, ನಾಟಕಾನಾ?” ಎಂದರು ಭಾವ.

“ಭಾವ,” ಅಂದೆ. “ಇನ್ನು ಮೇಲೆ ಯಾರೂ ಉತ್ತರ ಹೇಳಬಾರದು.”

ಭಾವ ಅತ್ತಿತ್ತ ನೋಡಿದರು. “ಯಾರೇ ಅದು ಮಾತಾಡಿದ್ದು? ಪಕ್ಕದ ಮನೆ ರೇಡಿಯೋನಾ?”

“ನಾವು ಹೇಳ್ಕೊಡದೆ ಇನ್ಯಾರು ಹೇಳ್ಕೊಡ್ತಾರೆ?” ಅಜ್ಜಿ ಕುರ್ಚಿಯಿಂದ ಅರ್ಧ ಎದ್ದರು. “ಮಗು ಟೀಚರ್ ಎದುರಿಗೆ ಬಾಯಿ ಬಾಯಿ ಬಿಡ್ಲೇನು?”

“ಬಿಡ್ಲಿ ಅಜ್ಜಿ.” ನನ್ನ ಕೈ ಪರದೆಯ ಅಂಚನ್ನು ಹಿಡಿದುಕೊಂಡಿತ್ತು. “ಅವಳು ಪುಸ್ತಕ ನೋಡೋದೇ ಇಲ್ಲ. ನಿಮ್ಮ ಬಾಯಿ ನೋಡ್ತಾಳೆ.”

“ಅಯ್ಯೋ, ನಮ್ಮ ಕಡ್ಡಿಗೆ ಮಗ್ಗಿಯೆಲ್ಲ ನಾಲಿಗೆ ತುದೀಲಿದೆ,” ಎಂದು ನಗುತ್ತಾ ಭಾವ ಗೋಡೆಯ ಕಡೆ ತಿರುಗಿ ನಿಂತರು. “ಹೇಳೇ ಪುಟ್ಟ, ಏಳೆಂಟ್ಲಿ?”

ಕಡ್ಡಿ ಅಪ್ಪನ ಬೆನ್ನು ನೋಡಿದಳು. ಅಲ್ಲಿಂದ ಅಜ್ಜಿಯ ಮುಖಕ್ಕೆ, ಅಲ್ಲಿಂದ ಅಮ್ಮನ ಮುಖಕ್ಕೆ. ಅಕ್ಕ ತುಟಿ ಬಿಗಿಹಿಡಿದಿದ್ದಳು. ಕಡ್ಡಿಯ ಕಣ್ಣು ತುಂಬಿತು.

ಭಾವ ತಿರುಗಿದಾಗ ನಗು ಇರಲಿಲ್ಲ. “ನಾನು ಪ್ರೀತಿಗೆ ಹೇಳ್ಕೊಟ್ಟಿದ್ದು ಕಣೇ,” ಎಂದು ಯಾರಿಗೆಂದಿಲ್ಲದೆ ಹೇಳಿದರು.

“ಟಿಕೆಟ್ ನೀವೇ ತಗೊಂಡು, ನೀವೇ ಹತ್ತಿ, ನೀವೇ ಇಳಿದ್ರಿ,” ಎಂದಳು ಅಕ್ಕ. ಆಮೇಲೆ ಮೆಲ್ಲಗೆ, “ನಾನೂ ಹತ್ತಿದ್ದೆ ಬಿಡಿ. ಮಗು ಇನ್ನೂ ಅದೇ ಸ್ಟಾಪಲ್ಲಿ ನಿಂತಿದೆ.”

ಆ ದಿನ ಟೀಚರ್ ಫೋನಿಗೆ ಅಕ್ಕ, ಮಗುವಿಗೆ ಮೈ ಸರಿಯಿಲ್ಲ ಎಂದಳು. ನಾನು ಕಡ್ಡಿಯನ್ನು ಪರದೆಯ ಒಳಗೆ ಕರೆದುಕೊಂಡೆ. ಓದಿಸಲಿಲ್ಲ. ಮೊದಲು ಅವಳಿಗೆ ಬೇಕಾಗಿದ್ದುದು ಬೇರೆ. ಈ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಯಾರೂ “ಗೊತ್ತಿಲ್ಲ” ಎಂಬ ಮಾತನ್ನು ಆಡಿದ್ದೇ ಇಲ್ಲ. ಶಾಲೆಯಲ್ಲಿ ನನಗೂ ಬಾರದೆ ಹೋದ ಮಾತು ಅದೇ.

“ಆಕಾಶದಲ್ಲಿ ಎಷ್ಟು ನಕ್ಷತ್ರ ಇವೆ?” ಎಂದು ಕೇಳಿದೆ.

ಅವಳು ಪರದೆಯ ಕಡೆ ನೋಡಿದಳು. ನೀಲಿ ಬಟ್ಟೆ ಬಿಟ್ಟರೆ ಅಲ್ಲಿ ಏನೂ ಇಲ್ಲ. “ಗೊತ್ತಿಲ್ಲ,” ಎಂದಳು ಕೇಳಿಸದ ಹಾಗೆ.

“ಜೋರಾಗಿ. ಬೀದಿ ಬೆಕ್ಕಿನ ಮುತ್ತಜ್ಜನ ಹೆಸರೇನು?”

“ಗೊತ್ತಿಲ್ಲ!”

“ನಿಮ್ಮಪ್ಪ ಸ್ನಾನದ ಮನೇಲಿ ಹಾಡೋದು ಯಾವ ಭಾಷೆ?”

“ಗೊತ್ತಿಲ್ಲಾ!” ಅವಳು ನಕ್ಕು ಸ್ಟೂಲಿನಿಂದ ಜಾರಿದಳು. ಹೊರಗಿನಿಂದ ಭಾವ, “ಏಯ್, ನಾನು ಇಲ್ಲೇ ಇದ್ದೀನಿ!” ಎಂದರು.

“ಈ ಅಕ್ಷರ ಯಾವುದು?” ಎಂದು ನಾನು ಪುಸ್ತಕದಲ್ಲಿ ಬೆರಳಿಟ್ಟೆ.

“ಗೊತ್ತಿ... ತಾಳು ಚಿಕ್ಕಿ. ಗೊತ್ತು. ಮೇ.”

ಅಲ್ಲಿಂದ ಶುರುವಾಯಿತು. ಒಂದು ಚಿಂದಿ ಬಟ್ಟೆಯಿಂದ ಪದ ಮುಚ್ಚಿ, ಅಕ್ಷರ ಅಕ್ಷರವಾಗಿ ಸರಿಸುತ್ತಾ ಹೋದೆವು. ಬಂದದ್ದನ್ನು ಹೇಳಿದಳು, ಬಾರದ್ದಕ್ಕೆ ಗೊತ್ತಿಲ್ಲ ಎಂದಳು. ಬಾರದ್ದು ಎಷ್ಟಿದೆ ಎಂದು ಈಗ ಇಬ್ಬರಿಗೂ ಕಾಣುತ್ತಿತ್ತು. ಅವಳಿಗೆ ಬೇಸರ ಬಂದರೆ ನಾನು ಒಂದು ಸಾಲು ಓದುತ್ತಿದ್ದೆ. ಇಷ್ಟು ಗಟ್ಟಿಯಾಗಿ ನನ್ನ ಧ್ವನಿಯನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಒಂದು ಪದದಲ್ಲಿ ನಾನೇ ಎಡವಿದೆ.

“ನಿಂಗೂ ಬರಲ್ವಾ?” ಎಂದು ಕಡ್ಡಿ ಕಣ್ಣರಳಿಸಿದಳು.

“ಇದು ಗೊತ್ತಿಲ್ಲ,” ಅಂದೆ. ಇಬ್ಬರೂ ಸೇರಿ ಅದನ್ನು ಬಿಡಿಸಿದೆವು.

ಅದರ ಮಾರನೆಯ ದಿನದ ಫೋನಿನಲ್ಲಿ ಟೀಚರ್ ಕೇಳಿದ ಮೊದಲ ಪ್ರಶ್ನೆಗೇ ಕಡ್ಡಿ ಉಸಿರು ಎಳೆದುಕೊಂಡು, “ಗೊತ್ತಿಲ್ಲ ಟೀಚರ್,” ಎಂದಳು.

ಫೋನಿನ ಆ ಕಡೆ ಕುರ್ಚಿ ಎಳೆದ ಸದ್ದು ಬಂತು. “ಅಬ್ಬಾ! ಇದು ನಿನ್ನ ಧ್ವನಿನಾ ಮರಿ? ಇಷ್ಟು ದಿನ ನಾನು ನಿಮ್ಮಪ್ಪನಿಗೆ ಮೂರನೇ ಕ್ಲಾಸು ಪಾಠ ಮಾಡ್ತಿದ್ದೆ. ಈಗ ಸಿಕ್ಕಿದೆಯಲ್ಲ ನೀನು. ಬಾ, ಯಾವುದು ಗೊತ್ತಿಲ್ಲ ಹೇಳು, ಅಲ್ಲಿಂದಲೇ ಹೋಗೋಣ.”

“ನಾನು ಪಾಸಾದ್ನಾ ಕೇಳೇ,” ಎಂದರು ಭಾವ ಪರದೆಯಾಚೆ. ಅಜ್ಜಿ ಅವರ ಬೆನ್ನಿಗೆ ಬಿಟ್ಟ ಏಟು ನಮಗೆಲ್ಲ ಕೇಳಿಸಿತು.

ಆ ವಾರವೆಲ್ಲ ಕಡ್ಡಿ ಮೇಜು ಬಿಟ್ಟು ಏಳಲಿಲ್ಲ. ಹೊರಗಿನವರಿಗೆ ಅದು ಶಿಕ್ಷೆಯೇ ಆಯಿತು. ಉತ್ತರ ಬಾಯಿಗೆ ಬಂದಾಗಲೆಲ್ಲ ಭಾವ ಎದ್ದು ಬೀದಿಗೆ ಹೋಗಿ ಬರುತ್ತಿದ್ದರು. ಶಾಲೆಗೆ ಹೋಗುತ್ತೀಯಾ ಎಂದು ನಾನು ಒಮ್ಮೆ ಮಾತ್ರ ಕೇಳಿದೆ.

“ಆ ಒಂದು ಪುಟ ಓದಕ್ಕೆ ಬಂದ್ರೆ ಹೋಗ್ತೀನಿ,” ಎಂದಳು. “ಬರದಿದ್ರೆ ಹೊಟ್ಟೆನೋವು.”

ಓದುವ ದಿನ ಬಂತು. ಅಕ್ಕ ಬೇಕರಿಯಿಂದ ಬೇಗ ಬಂದು ಕೈ ಕೂಡ ತೊಳೆಯದೆ ನಿಂತಿದ್ದಳು. ಅಜ್ಜಿ ಕಿಟಕಿ ಮುಚ್ಚಿದರು, ಬೀದಿಯ ಸದ್ದು ಬಾರದಿರಲಿ ಎಂದು. ಫೋನ್ ಬಂತು. ನಾನು ಮೆಷಿನ್ನಿನ ಮುಂದೆ ಅವಳಿಗೆ ಬೆನ್ನು ಮಾಡಿ ಕೂತೆ, ನನ್ನ ಮುಖವೂ ಅವಳಿಗೆ ಕಾಣದ ಹಾಗೆ.

ಕಡ್ಡಿ ಓದತೊಡಗಿದಳು. ನಿಧಾನ, ಬಹಳ ನಿಧಾನ. ಮೇಕೆ ಏಣಿಯ ಹತ್ತಿರ ಬಂದಾಗ ಅವಳು ಒಂದು ಕಡೆ ನಿಂತಳು, ಹಿಂದೆ ಹೋದಳು, ಮತ್ತೆ ಬಂದಳು. ಎರಡು ಕಡೆ “ಗೊತ್ತಿಲ್ಲ ಟೀಚರ್” ಎಂದಳು. ಟೀಚರ್ ಮೊದಲ ಅಕ್ಷರ ಕೇಳಿದರು, ಉಳಿದದ್ದನ್ನು ಅವಳೇ ಹೇಳಿದಳು. ಪರದೆಯ ಆಚೆ ಯಾರೋ ಮೂಗು ಎಳೆದುಕೊಂಡರು. ಮೇಕೆ ಛಾವಣಿ ಹತ್ತಿ, ಕೆಳಗೆ ನೋಡಿ ಕಕ್ಕಾಬಿಕ್ಕಿಯಾಯಿತು ಎಂಬಲ್ಲಿಗೆ ಪುಟ ಮುಗಿಯಿತು.

“ಸಾಕು ಮರಿ,” ಎಂದರು ಟೀಚರ್. “ನಿನಗೆ ಎಲ್ಲಿಂದ ಹೇಳ್ಕೊಡಬೇಕು ಅಂತ ನನಗೆ ಗೊತ್ತಾಯ್ತು. ನಾಳೆ ಬರ್ತೀಯಲ್ಲ?”

“ಬರ್ತೀನಿ.” ಆಮೇಲೆ ಅವಳು ಸ್ಟೂಲಿನ ಮೇಲೆ ಹಿಂದೆ ಮುಂದೆ ಜರುಗಿದ ಸದ್ದು. “ಟೀಚರ್, ಮುಂದಿನ ಪುಟ ಓದ್ಲಾ? ಮೇಕೆ ಕೆಳಗೆ ಹೆಂಗೆ ಇಳೀತು ಅಂತ ನಂಗಿನ್ನೂ ಗೊತ್ತಿಲ್ಲ.”

“ಓದು. ನಾನು ಕೇಳ್ತಾ ಇರ್ತೀನಿ.”

ಪುಟ ಮಗುಚಿತು. ಇದು ನಾವು ಅಭ್ಯಾಸ ಮಾಡದ ಪುಟ. ಮೊದಲ ಸಾಲು ದಾಟಿತು. ಎರಡನೆಯದರ ನಡುವೆ ಅವಳ ಧ್ವನಿ ನಿಂತಿತು. ಪರದೆಯ ಅಂಚಿನ ಸಂದಿಯಲ್ಲಿ ನನಗೆ ಭಾವ ಕಾಣುತ್ತಿದ್ದರು. ತಮ್ಮ ಬಾಯನ್ನು ತಮ್ಮದೇ ಎರಡು ಕೈಯಿಂದ ಮುಚ್ಚಿಕೊಂಡಿದ್ದರು. ಅಜ್ಜಿ ಕಣ್ಣು ಮುಚ್ಚಿದ್ದರು. ನಾನು ತಿರುಗಲಿಲ್ಲ. ಹಿಂದೆ ಅವಳ ಬೆರಳು ಕಾಗದದ ಮೇಲೆ ಸರಿಯುವುದು, ನಿಲ್ಲುವುದು, ಮತ್ತೆ ಮೊದಲಿನಿಂದ ಸರಿಯುವುದು ಕೇಳಿಸುತ್ತಿತ್ತು.

“ಚಿಕ್ಕಿ, ಇದೊಂದು ಪದ ಹೇಳ್ಕೊಡು.”

ಯಾರೂ ಹೇಳಿಕೊಡಲಿಲ್ಲ. ಅವಳ ಬೆರಳು ಮತ್ತೆ ಮೊದಲ ಅಕ್ಷರಕ್ಕೆ ಹೋಗಿ ಅಲ್ಲಿಂದ ಸರಿಯತೊಡಗಿದ ಸದ್ದು ಕೇಳಿತು.