ಎದಿಲ್ಮಜ್ಜಿ ಕೂಗಬೇಕಾಗಿದ್ದ ಮಾತು

ಶಾಲೆಯಿಂದ ಬಂದ ಚೀಟಿಯನ್ನು ಎದಿಲ್ಮಜ್ಜಿ ಮೊಮ್ಮಗಳು ಯುರ್ಲೇನಿಯಿಂದ ಮೂರು ಸಲ ಓದಿಸಿದಳು. ನೂರು ಎಣಿಸುವವರೆಗೆ ನೀರಿನ ಮೇಲೆ ತೇಲಲು ಬಾರದ ಮಕ್ಕಳು ಇನ್ನು ಒಬ್ಬರೇ ದೋಣಿ ನಡೆಸಿಕೊಂಡು ಶಾಲೆಗೆ ಬರುವಂತಿಲ್ಲ.

ಕೊಲಂಬಿಯಾದ ಸಿಯೆನಗಾ ಹಿನ್ನೀರಿನ ನಡುವೆ, ಮರದ ಕಂಬಗಳ ಮೇಲೆ ನಿಂತ ಊರು ಅದು. ಪಕ್ಕದ ಮನೆಗೆ ಉಪ್ಪು ಕೇಳಲು ಹೋಗುವುದಕ್ಕೂ ದೋಣಿ ಬೇಕು. ಎಂಟು ತುಂಬಿದ ಯುರ್ಲೇನಿಗೆಂದು ಅಜ್ಜಿ ಹಸಿರು ಬಣ್ಣ ಬಳಿದ ಹೊಸ ಹುಟ್ಟು ತಂದಿಟ್ಟಿದ್ದಳು.

“ನಮಗೆ ನೀರು ಕಲಿಸ್ತಾರಂತೆ!” ಅಜ್ಜಿಯ ದನಿ ನಾಲ್ಕು ಮನೆಗಳಾಚೆಗೆ ಕೇಳಿಸಿತು. “ನಮ್ಮ ವಂಶದವರು ನಡೆಯೋಕೆ ಮುಂಚೆ ಈಜ್ತಾರೆ ಕಣಮ್ಮ ಮಾರ್ಬೆಲ್. ಮೀನಿಗೂ ಪರೀಕ್ಷೆ ಇಡ್ತೀಯಾ?”

ಆಸ್ಪತ್ರೆ ದೋಣಿಯ ನರ್ಸ್ ಮಾರ್ಬೆಲ್ ಅಜ್ಜಿ ಹುರಿದುಕೊಟ್ಟ ಮೀನಿನ ಮುಳ್ಳು ಬಿಡಿಸುತ್ತಿದ್ದಳು. “ಮೀನಿಗೆ ಸುಸ್ತಾಗಲ್ಲ ಅಜ್ಜಿ, ಮನುಷ್ಯರಿಗೆ ಆಗುತ್ತೆ. ಈಜೋದು ಅಂದ್ರೆ ಎಲ್ಲಿಗೋ ಹೋಗೋದು. ತೇಲೋದು ಅಂದ್ರೆ ಯಾರಾದ್ರೂ ಬರೋವರೆಗೆ ಇರೋದು.”

“ಎರಡೂ ಒಂದೇ ಬಿಡು.”

“ಒಂದೇನಾ? ನಿಮ್ಮ ತಮ್ಮ ಅರ್ನುಲ್ಫೊ ದೋಣಿ ಮಗುಚಿದಾಗ ನೀವೆಲ್ಲ ಏನಂತ ಕೂಗಿದ್ರಿ?”

ಮೀನು ಸೀಳುತ್ತಿದ್ದ ಅಜ್ಜಿಯ ಚಾಕು ನಿಂತಿತು.

“ಈಜೋ, ಈಜೋ ಅಂತ. ಇಡೀ ಊರು ಕೂಗ್ತು. ಎಲ್ಲರಿಗಿಂತ ನನ್ನ ದನಿ ಜೋರು. ಅಕ್ಕನ ಮಾತು ಮೀರಿದವನಲ್ಲ ಅವನು.”

“ಗಾಳಿಗೆ ಎದುರಾಗಿ ಈಜಿ ಈಜಿ ತೋಳು ಸೋತು ಮುಳುಗಿಹೋದ್ರು. ತಪ್ಪು ನಿಮ್ಮದಲ್ಲ ಅಜ್ಜಿ. ಬೇರೆ ಮಾತು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.”

ಅಜ್ಜಿ ಚಾಕು ಕೆಳಗಿಟ್ಟಳು. “ಹಾಗಾದ್ರೆ ಏನಂತ ಕೂಗಬೇಕಿತ್ತು, ಹೇಳು.”

“ಅಂಗಾತ ಮಲಗು, ಬಂದೆ! ಅಷ್ಟೇ. ಕಿವಿ ನೀರಲ್ಲಿ, ಮುಖ ಆಕಾಶಕ್ಕೆ. ಕೂಗ್ತಾನೇ ಹಗ್ಗನೋ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನೋ ಎಸೀಬೇಕು. ಹಿಂದುಮುಂದು ನೋಡದೆ ನಾವೂ ಧುಮುಕಬಾರದು.”

“ಕಿವಿ ನೀರಲ್ಲಿದ್ರೆ ಕೂಗಿದ್ದು ಕೇಳುತ್ತಾ?” ಎಂದಳು ಯುರ್ಲೇನಿ.

“ನನ್ನ ದನಿ ಕೇಳುತ್ತೆ ಬಿಡೇ.”

ಶನಿವಾರ ಯುರ್ಲೇನಿ ನೀರಿಗಿಳಿದಳು, ಸೊಂಟಕ್ಕೆ ಹಗ್ಗ, ಪಕ್ಕದಲ್ಲಿ ಮಾರ್ಬೆಲ್. ಅಂಗಾತ ಮಲಗಿ ಹನ್ನೊಂದು ಎಣಿಸುವಷ್ಟರಲ್ಲಿ ಕಾಲು ಕೆಳಗಿಳಿಯಿತು. ಹುಡುಗಿ ಗಾಬರಿಯಿಂದ ಕೈ ಬಡಿಯತೊಡಗಿದಳು. ಜಗಲಿಯ ಮೇಲಿದ್ದ ಅಜ್ಜಿ ಥಟ್ಟನೆ ಎದ್ದಳು.

“ಕೈ ಬಡೀಬೇಡ್ವೇ! ಅಂಗಾತ! ಎದೆ ಎತ್ತು, ಉಸಿರು ಮೆಲ್ಲಗೆ!”

ಹುಡುಗಿ ತಲೆಯನ್ನು ಹಿಂದಕ್ಕೆ ಚೆಲ್ಲಿದಳು. ಪಾದಗಳು ಮೆಲ್ಲನೆ ಮೇಲೆ ಬಂದವು. ಅಕ್ಕಪಕ್ಕದ ಜಗಲಿಗಳಲ್ಲಿ ಜನ ಎಣಿಸತೊಡಗಿದರು. ನೂರಾಯಿತು. ಹುಡುಗಿ ಏಳಲಿಲ್ಲ. ನೂರ ನಲವತ್ತಾಯಿತು.

“ಸಾಕು ಏಳೇ!” ಅಜ್ಜಿ ಕೂಗಿದಳು.

ಕೊನೆಗೆ ಮಾರ್ಬೆಲ್ ಭುಜ ತಟ್ಟಿದಾಗ ಯುರ್ಲೇನಿ ನಕ್ಕಳು. “ನೀನು ಏಳು ಅಂದಿದ್ದು ಕೇಳಿಸ್ಲೇ ಇಲ್ಲ ಅಜ್ಜಿ!”

ಎದುರುಮನೆಯವರತ್ತ ತಿರುಗಿ ಅಜ್ಜಿ ಎದೆಯುಬ್ಬಿಸಿದಳು. “ನೋಡಿದ್ರಾ? ನಮ್ಮ ವಂಶ ಕಣ್ರೀ!”

ಸೋಮವಾರ ಹಸಿರು ಹುಟ್ಟು ಶಾಲೆಯ ಕಡೆಗೆ ಹೊರಟಿತು. ಅದೇ ಸಂಜೆ ಅಜ್ಜಿ ಲಂಗ ಎತ್ತಿ ಕಟ್ಟಿಕೊಂಡು ತಾನೂ ನೀರಿಗಿಳಿದಳು. ಈ ಸಲ ಜಗಲಿಯಿಂದ ಕೂಗಿದ್ದು ಮೊಮ್ಮಗಳು.

ನಿಮ್ಮೂರಲ್ಲೂ ಕೆರೆಯಿದೆ, ಕಾಲುವೆಯಿದೆ, ಬಟ್ಟೆ ಒಗೆಯುವ ಹೊಳೆಯಿದೆ. ಈಜಿಗಿಂತ ಮೊದಲು ಮಗುವಿಗೆ ತೇಲುವುದನ್ನು ಕಲಿಸಿ. ನೀರು ಬಲ್ಲ ದೊಡ್ಡವರು ಪಕ್ಕದಲ್ಲೇ ಇರಲಿ. ನೀವೂ ಕಲಿಯಿರಿ. ಆ ಮಾತನ್ನಂತೂ ಇವತ್ತೇ, ನೆಲದ ಮೇಲೆ ನಿಂತಿರುವಾಗಲೇ, ಮನೆಯವರೆಲ್ಲ ಗಟ್ಟಿಯಾಗಿ ಒಮ್ಮೆ ಹೇಳಿ: “ಅಂಗಾತ ಮಲಗು, ಬಂದೆ!”