ಟ್ಯಾಂಕಿನೊಳಗಿನ ಗೇಣುದ್ದ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವನಿಗೆ ವರ್ಕ್‌ಶಾಪಿನವರು ಕಿಡಿ ಎಂದು ಹೆಸರಿಟ್ಟಿದ್ದರು. ಹಾಗೆ ಹೆಸರಿಟ್ಟ ಮೇಲೂ ಪೆಟ್ರೋಲ್ ಟ್ಯಾಂಕಿನ ಕೆಲಸವನ್ನೆಲ್ಲ ಅವನ ತಲೆಗೇ ಕಟ್ಟುತ್ತಿದ್ದರು. ಕಾರಣ ಇಷ್ಟೇ, ಅವನ ಕೈ ಸಣ್ಣದು. ಹಿಂದಿನ ಸೀಟು ಕಿತ್ತು, ಟ್ಯಾಂಕಿನ ದುಂಡನೆಯ ಬಾಯೊಳಗೆ ಮೊಣಕೈವರೆಗೆ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಕ್ಲಿಪ್ ಬಿಗಿಯಬಲ್ಲ ಕೈ ಅಲ್ಲಿ ಅದೊಂದೇ. ಭಾವನ ಕೈ ಆ ಬಾಯಿಗೆ ಮಣಿಕಟ್ಟಿನವರೆಗೂ ಹೋಗುತ್ತಿರಲಿಲ್ಲ.

ಭಾವ ಅಂದರೆ ಅಕ್ಕನ ಗಂಡ, ವರ್ಕ್‌ಶಾಪಿನ ಯಜಮಾನ. ಮನೆ ಮೇಲೆ, ಕೆಲಸ ಕೆಳಗೆ, ನಡುವೆ ಹದಿನಾಲ್ಕು ಕಬ್ಬಿಣದ ಮೆಟ್ಟಿಲು. ಕಿಡಿ ಮೂರು ವರ್ಷದಿಂದ ಆ ಮೆಟ್ಟಿಲು ಹತ್ತಿ ಇಳಿದದ್ದೇ ಇಳಿದದ್ದು. ಹೋಗುತ್ತೇನೆ ಎಂದಾಗಲೆಲ್ಲ ಭಾವ ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಬೆನ್ನ ಮೇಲೆ ಕೈಯಿಟ್ಟು ಮೆತ್ತಗೆ ಹೇಳುತ್ತಿದ್ದ: "ಹೋಗಪ್ಪ, ಬೇಡ ಅಂದೋರು ಯಾರು? ಇದೊಂದು ಕಾರು ಮುಗಿಸು, ಆಮೇಲೆ ನಿನ್ನಿಷ್ಟ." ಆ ಒಂದು ಕಾರು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ನಿಂತಿರುತ್ತಿತ್ತು.

ಈ ಸಲ ಮಾತ್ರ ನಿಜವಾಗಿ ದಾರಿ ತೆರೆದಿತ್ತು. ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನೊಬ್ಬ ಕೆಲಸ ಕೊಡುತ್ತೇನೆ ಎಂದಿದ್ದ. ನಾಳೆ ಬೆಳಿಗ್ಗೆ ಅಲ್ಲಿರಬೇಕು, ಇವತ್ತು ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕು. ಅವನು ಕೇಳಿದ್ದು ಒಂದೇ ಕಾಗದ, ಹಳೆಯ ಯಜಮಾನ ಬರೆದುಕೊಟ್ಟ ಅನುಭವದ ಪತ್ರ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಹತ್ತಿರ ಬೇರೆ ಯಾವ ಕಾಗದ ಇರುತ್ತದೆ? ಭಾವ ಪತ್ರ ಬರೆಸಿ, ಸಹಿ ಹಾಕಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಅಂಚು ಹೊರಗೆ ಕಾಣುವ ಹಾಗೆಯೇ ಇಟ್ಟುಕೊಂಡಿದ್ದ. "ಡಾಕ್ಟ್ರಮ್ಮ ಕೆಲಸದ ಚೀಟಿಗೆ ಸಹಿ ಹಾಕಿದ ತಕ್ಷಣ ಇದು ನಿನ್ನದು," ಎಂದಿದ್ದ.

ಡಾಕ್ಟ್ರಮ್ಮ ಹಲ್ಲಿನ ಡಾಕ್ಟರು. ಅವರ ಕೆಂಪು ಕಾರು ಬಗ್ಗಿ ನೋಡಿದರೆ ಸೊಂಟ ಉಳುಕುವಷ್ಟು ತಗ್ಗು. ಅದರ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದ್ದರು, ಅಂದರೆ ಎಂಜಿನ್ನಿನ ಗಂಟಲಿಗೆ ಗಾಳಿ ತುರುಕುವ ಯಂತ್ರ. ಗಾಳಿ ಜಾಸ್ತಿಯಾದರೆ ಪೆಟ್ರೋಲೂ ಜಾಸ್ತಿ ಬೇಕು. ಬಾರದಿದ್ದರೆ ಒಳಗೆ ಬೆಂಕಿ ಬಿಸಿಯೇರಿ ಪಿಸ್ಟನ್ನೇ ಕರಗುತ್ತದೆ. ಅದಕ್ಕಾಗಿ ದೊಡ್ಡ ಪಂಪು, ಪೆಟ್ರೋಲು ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು, ಹೊಸ ಪೈಪುಗಳು. ಹತ್ತು ದಿನದ ಕೆಲಸ. ಎಲ್ಲವನ್ನೂ ಕಿಡಿಯೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಿದ್ದ.

ತಪ್ಪಿದ್ದು ಗೇಣುದ್ದದ ಒಂದು ರಬ್ಬರ್ ಪೈಪಿನಲ್ಲಿ. ಟ್ಯಾಂಕಿನೊಳಗೆ ಮುಳುಗಿರುವ ಪಂಪಿನಿಂದ ಮುಚ್ಚಳದವರೆಗೆ ಬರುವ ಪೈಪು ಅದು. ಪಂಪಿನ ಜೊತೆ ಡಬ್ಬದಲ್ಲಿ ಬಂದದ್ದು ಎರಡು ಬೆರಳು ಗಿಡ್ಡವಾಗಿತ್ತು. "ಗೋಡೆ ಮೇಲಿನ ಸುರುಳಿಯಿಂದ ಕತ್ತರಿಸ್ಕೊ," ಎಂದಿದ್ದ ಭಾವ. "ಅದೂ ಪೆಟ್ರೋಲ್ ಪೈಪೇ ತಾನೇ?" ಹೌದಲ್ಲ ಎಂದುಕೊಂಡು ಕಿಡಿ ಕತ್ತರಿಸಿದ, ಹಾಕಿದ, ಮುಚ್ಚಿದ. ಪೆಟ್ರೋಲು ಪೈಪಿನ ಒಳಗೆ ಹರಿಯುವುದು ಬೇರೆ, ಪೈಪೇ ಪೆಟ್ರೋಲಿನಲ್ಲಿ ಮುಳುಗಿರುವುದು ಬೇರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಈ ದಿನ ಬೆಳಿಗ್ಗೆ. ಸಾಮಾನು ತೊಳೆಯಲು ಪೆಟ್ರೋಲು ತುಂಬಿಟ್ಟ ಡಬ್ಬದೊಳಗೆ ಕಿಡಿ ಕೈಯಾಡಿಸಿದಾಗ ಮೆತ್ತನೆಯ ಏನೋ ಸಿಕ್ಕಿತು. ಆವತ್ತು ಕತ್ತರಿಸಿ ಉಳಿದಿದ್ದ ಅದೇ ಪೈಪಿನ ತುಂಡು, ಆರು ದಿನದ ಹಿಂದೆ ಜಾರಿ ಬಿದ್ದದ್ದು. ಹೊರಗಿನ ಸಿಪ್ಪೆ ಉಬ್ಬಿ ಜಿಗುಟಾಗಿತ್ತು. ಉಗುರು ಒತ್ತಿದರೆ ಕಪ್ಪು ಮೇಣದ ಹಾಗೆ ಕಿತ್ತು ಬಂತು. 

ಕೊಂಡುಹೋಗಿ ಭಾವನಿಗೆ ತೋರಿಸಿದ. ಭಾವ ತಿರುಗಿಸಿ ಮುರುಗಿಸಿ ನೋಡಿದ.

"ಆರು ದಿನ ಪೆಟ್ರೋಲಲ್ಲಿ ಬಿದ್ರೆ ನೀನೂ ಊದ್ಕೊಳ್ತೀಯ."

"ತಮಾಷೆ ಬೇಡ ಭಾವ. ಇವತ್ತಲ್ಲ ನಾಳೆ ಕ್ಲಿಪ್ ಹತ್ರ ಸೀಳುತ್ತೆ. ಫುಲ್ ಸ್ಪೀಡಲ್ಲಿ ಪೆಟ್ರೋಲ್ ಕಡಿಮೆ ಆದ್ರೆ ಎಂಜಿನ್ ಜಾಮ್ ಆಗಿ ಹಿಡ್ಕೊಳ್ಳುತ್ತೆ. ಎಂಜಿನ್ ಹಿಡ್ಕೊಂಡ್ರೆ ಹಿಂದಿನ ಚಕ್ರಾನೂ ಹಿಡ್ಕೊಳ್ಳುತ್ತೆ, ಕಾರು ಪಲ್ಟಿ ಹೊಡೆಯುತ್ತೆ."

"ಸರಿ. ಡಾಕ್ಟ್ರಮ್ಮಂಗೆ ಹೇಳ್ಬೇಕು ಅಂದ್ರೆ ಹೇಳು, ನಿನ್ನ ಬಾಯಿಗೆ ನಾನು ಬೀಗ ಹಾಕಿದೀನಾ?" ಭಾವ ಕೈ ಒರೆಸಿಕೊಂಡ. "ಮುಳುಗೋ ಪೈಪು ಈ ಊರಲ್ಲಿ ಸಿಗಲ್ಲ. ತರಿಸೋಕೆ ಹನ್ನೆರಡು ದಿನ. ಬಿಚ್ಚೋನು ನೀನೇ, ಹಾಕೋನು ನೀನೇ. ಬಸ್ಸು ನಾಲ್ಕಕ್ಕೆ. ಲೆಕ್ಕ ನೀನೇ ಹಾಕ್ಕೊ."

ಕಿಡಿಯ ಮೈಯೆಲ್ಲ ಉರಿಯಿತು. ಬೇಡ ಎಂದಿದ್ದರೆ ಹೊಡೆದಾಡಬಹುದಿತ್ತು. ಈ ಮನುಷ್ಯ ಯಾವತ್ತೂ ಬೇಡ ಎನ್ನುವುದಿಲ್ಲ. ಬಾಗಿಲೆಲ್ಲ ತೆರೆದಿಟ್ಟೇ ಕೂಡಿಹಾಕುತ್ತಾನೆ.

ಮಧ್ಯಾಹ್ನ ಎರಡಕ್ಕೆ ಕಾರನ್ನು ಪರೀಕ್ಷೆಗೆ ರೋಲರ್ ಮೇಲೆ ಹತ್ತಿಸಿದರು. ಮೂರು ಗೋಡೆ, ಒಂದು ಗಾಜಿನ ಕಿಟಕಿ ಇರುವ ಕೋಣೆ ಅದು. ನಾಲ್ಕು ದಪ್ಪ ಪಟ್ಟಿಗಳಿಂದ ಕಾರನ್ನು ನೆಲದ ಕೊಂಡಿಗಳಿಗೆ ಬಿಗಿದರು. ಚಕ್ರಗಳು ಉರುಳೆಯ ಮೇಲೆ ತಿರುಗುತ್ತವೆ, ಕಾರು ನಿಂತಲ್ಲೇ ಇರುತ್ತದೆ. ಸ್ಟೇರಿಂಗಿನ ಹಿಂದೆ ಕಿಡಿ. ಗಾಜಿನಾಚೆ ಕಂಪ್ಯೂಟರಿನ ಮುಂದೆ ಭಾವ, ಅವನ ಪಕ್ಕ ಡಾಕ್ಟ್ರಮ್ಮ.

ಭಾವ ಹೆಬ್ಬೆರಳು ಎತ್ತಿದ. ಕಿಡಿ ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಿದ. ಸೂಪರ್‌ಚಾರ್ಜರಿನ ಸಿಳ್ಳೆ ಹಲ್ಲಿನ ಬೇರಿಗೇ ಇಳಿಯಿತು. ವೇಗದ ಮುಳ್ಳು ನೂರ ನಲವತ್ತು, ನೂರ ಎಂಬತ್ತು, ಇನ್ನೂರ ಹತ್ತು. ಇನ್ನೂರ ಹತ್ತರಲ್ಲೂ ಕಣ್ಣೆದುರು ಅದೇ ಗೋಡೆ, ಅದೇ ಎಣ್ಣೆಯ ಕಲೆ. ಇದೇ ನನ್ನ ಮೂರು ವರ್ಷ ಎಂದುಕೊಂಡ ಕಿಡಿ, ಹಲ್ಲು ಕಚ್ಚಿ ಇನ್ನೂ ಒತ್ತಿದ. ಸೀಳಿ ಬಿಡು, ಈಗಲೇ ಸೀಳಿ ಬಿಡು, ನಾನು ಬಾಯಿ ಬಿಡುವ ಗೋಜೇ ಇರುವುದಿಲ್ಲ ಎಂದು ಒಳಗೊಳಗೇ ಆ ಪೈಪಿಗೆ ಶಾಪ ಹಾಕಿದ. ಅದು ಸೀಳಲಿಲ್ಲ. ಪೆಟ್ರೋಲಿನ ಒತ್ತಡದ ಮುಳ್ಳು ಎಲ್ಲಿರಬೇಕೋ ಅಲ್ಲೇ ಅಲುಗದೆ ನಿಂತಿತ್ತು.

ಎಂಜಿನ್ ಆರಿಸಿ ಕಿಡಿ ಕೆಳಗಿಳಿದ. ಭಾವ ಆಗಲೇ ಚೀಟಿ ಹಿಡಿದು ನಿಂತಿದ್ದ. "ನೋಡಿ ಡಾಕ್ಟ್ರೇ, ಕಂಪ್ಯೂಟರಲ್ಲಿ ಒತ್ತಡದ ಗೆರೆ ಎಷ್ಟು ನೆಟ್ಟಗಿದೆ. ಇಲ್ಲೊಂದು ಸಹಿ ಹಾಕ್ಬಿಡಿ." ಇನ್ನೊಂದು ಕೈ ಜೇಬಿನ ಪತ್ರದ ಮೇಲಿತ್ತು. ಗಡಿಯಾರದಲ್ಲಿ ಮೂರು.

ಡಾಕ್ಟ್ರಮ್ಮ ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕಲಿಲ್ಲ. ಭಾವನನ್ನು ಬಿಟ್ಟು ಕಿಡಿಯ ಕಡೆ ತಿರುಗಿದರು.

"ಕೈ ಹಾಕಿ ಮಾಡಿದವರು ನೀವು. ನೀವು ಹೇಳಿ. ಭಾನುವಾರ ರೇಸ್ ಟ್ರ್ಯಾಕಿಗೆ ಒಯ್ತೀನಿ. ಪೂರ್ತಿ ಒತ್ತಬಹುದಾ?"

ಈ ಮೂರು ವರ್ಷದಲ್ಲಿ ಯಾವ ಗಿರಾಕಿಯೂ ಅವನನ್ನು ಏನೂ ಕೇಳಿರಲಿಲ್ಲ. ಕೇಳದಿದ್ದರೆ ಸುಮ್ಮನಿದ್ದುಬಿಡುತ್ತಿದ್ದ. ಸುಮ್ಮನಿರುವುದಕ್ಕೆ ಬೆಳಿಗ್ಗೆಯಿಂದ ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದ. ಈಗ ಒಂದೇ ಮಾತು ಸಾಕು: ಒತ್ತಿ. ಆ ಮಾತಾಡಿದರೆ ಬಸ್ಸು, ಬಂದರು, ಉಪ್ಪುಗಾಳಿ. ಬಾಯಿ ತೆರೆದ.  ಆದರೆ ಕಾಲುಗಳು ಅವನನ್ನು ಮೂಲೆಯ ಡಬ್ಬದ ಹತ್ತಿರ ಒಯ್ದವು. ಊದಿದ ತುಂಡು ತಂದು ಅವರ ಅಂಗೈ ಮೇಲಿಟ್ಟ.

"ಒತ್ತಬೇಡಿ. ಇದೇ ಪೈಪು ಒಳಗಿದೆ."

ಡಾಕ್ಟ್ರಮ್ಮ ಅದನ್ನು ಹುಳುಕು ಹಲ್ಲು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಯಾರು ಹಾಕಿದ್ದು?"

"ನಾನೇ."

ಭಾವನ ಮುಖ ಕೆಂಡವಾಗುತ್ತದೆ ಎಂದು ಕಿಡಿ ಕಾದ. ಬೈಯಲಿ, ಕತ್ತು ಹಿಡಿದು ದಬ್ಬಲಿ, ಪತ್ರ ಹರಿದು ಮುಖಕ್ಕೆ ಎಸೆಯಲಿ. ದಬ್ಬಿಸಿಕೊಂಡಾದರೂ ಹೊರಗೆ ಬೀಳಬಹುದಿತ್ತು. ಭಾವ ನಗುತ್ತಾ ಮುಂದೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟ.

"ನೋಡಿದ್ರಾ ಡಾಕ್ಟ್ರೇ? ನಮ್ಮಲ್ಲಿ ಮುಚ್ಚುಮರೆ ಇಲ್ಲ. ತಪ್ಪಾದ್ರೆ ತಪ್ಪು ಅಂತೀವಿ. ಹನ್ನೆರಡು ದಿನ ಕೊಡಿ, ನಮ್ಮ ಖರ್ಚಲ್ಲೇ ಬಿಚ್ಚಿ ಹಾಕ್ಕೊಡ್ತೀವಿ."

 ಡಾಕ್ಟ್ರಮ್ಮ ಭಾವನ ಮಾತು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಸಹಿ ಹಾಕಬೇಕಿದ್ದ ಜಾಗದಲ್ಲಿ ಏನೋ ಬರೆಯುತ್ತಿದ್ದರು.

"ನೀವೇ ಮಾಡ್ಬೇಕು," ಎಂದರು ಕಿಡಿಗೆ. "ಬೇರೆ ಯಾರೂ ಮುಟ್ಟೋ ಹಾಗಿಲ್ಲ ಅಂತ ಬರ್ದಿದೀನಿ. ಇನ್ಮೇಲೆ ತಿಂಗಳು ತಿಂಗಳೂ ನೀವೇ ನೋಡ್ಬೇಕು. ನಂಗೊತ್ತಿರೋ ನಾಲ್ಕೈದು ಜನಕ್ಕೂ ಹೇಳ್ತೀನಿ. ಹೀಗೆ ಬಾಯಿ ಬಿಡೋ ಮೆಕ್ಯಾನಿಕ್ ಸಿಗಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕಿಡಿಗೆ ಕಾರಿನ ಐದನೇ ಪಟ್ಟಿಯನ್ನು ತನ್ನ ಸೊಂಟಕ್ಕೆ ಬಿಗಿದ ಹಾಗಾಯಿತು.

ಪತ್ರ ಭಾವನ ಜೇಬಿನಲ್ಲೇ ಉಳಿಯಿತು. ಕಿಡಿ ಬಂದರಿನವನಿಗೆ ಫೋನು ಮಾಡಿ ಹನ್ನೆರಡು ದಿನ ಕಾಯಲು ಕೇಳಿದ. "ಹನ್ನೆರಡು ದಿನಾನಾ?" ಎಂದ ಅವನು. "ದೋಣಿಗಳು ಕಾಯಲ್ಲ ತಮ್ಮಾ. ಇನ್ನೊಬ್ಬ ಇದಾನೆ, ಅವನನ್ನ ಕರೀತೀನಿ." ಫೋನು ಇಟ್ಟಾಗ ಅಕ್ಕ ಮೆಟ್ಟಿಲ ಮೇಲಿಂದ ಬಗ್ಗಿ ಕೂಗಿದಳು.

"ಲೋ, ನಾಲ್ಕಾಗ್ತಾ ಬಂತು, ಬಸ್ಸಿಗೆ ಹೋಗಲ್ವೇನೋ?"

"ಬಸ್ಸು ಹೋಗುತ್ತೆ ಬಿಡಕ್ಕ. ಅದಕ್ಕೆ ದಾರಿ ಗೊತ್ತು."

 ಅಕ್ಕ ಒಂದು ಕ್ಷಣ ಕಂಬಿ ಹಿಡಿದು ನಿಂತಿದ್ದು ಒಳಗೆ ಹೋದಳು. ಅವಳ ಮುಖದಲ್ಲಿ ಬೇಸರವಿತ್ತೋ, ತಮ್ಮ ಉಳಿದನಲ್ಲ ಎಂಬ ಸಮಾಧಾನವಿತ್ತೋ, ಕಿಡಿ ತಲೆಯೆತ್ತಿ ನೋಡಲಿಲ್ಲ.

ಟ್ಯಾಂಕಿನಲ್ಲಿ ನಲವತ್ತು ಲೀಟರ್ ಪೆಟ್ರೋಲಿತ್ತು. ಮೊದಲು ಅದನ್ನು ಇಳಿಸಬೇಕು. ಸಣ್ಣ ಪೈಪು ಇಳಿಬಿಟ್ಟು ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪೆಟ್ರೋಲು ದಾರದಷ್ಟು ತೆಳ್ಳಗೆ, ಯಾವ ಆತುರವೂ ಇಲ್ಲದೆ ಇಳಿಯತೊಡಗಿತು. ಆಫೀಸಿನ ತೆರೆದ ಬಾಗಿಲಿನಿಂದ ಭಾವ ಯಾರದೋ ಫೋನಿಗೆ ಉತ್ತರಿಸುವುದು ಕೇಳಿಸುತ್ತಿತ್ತು.

"ಹೌದು ಸಾರ್, ಡಾಕ್ಟ್ರು ಹೇಳಿದ್ರಾ? ಅವನೇ, ನನ್ನ ಹೆಂಡ್ತಿ ತಮ್ಮ. ತನ್ನಿ ಸಾರ್, ಯಾವತ್ತಾದ್ರೂ ತನ್ನಿ. ಇರ್ತಾನೆ, ಇರ್ತಾನೆ. ಅವನೆಲ್ಲಿ ಹೋಗ್ತಾನೆ?"