ಭೇಟಿ ಎಂಬ ಕಾಲಮ್ಮಿನಲ್ಲಿ ನಾಲ್ಕು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಿಂದ ಶುರು ಮಾಡಿ ಎರಡು ಪುಟ ಬರೆದೆ. ಓದಿ ನೋಡಿದರೆ ಲಿಫ್ಟು ಲಿಫ್ಟಿನ ಹಾಗಿರದೆ, ಏನೋ ಗಹನವಾದದ್ದರ ಸಂಕೇತವೆಂಬಂತೆ ಗಂಟುಮುಖ ಹಾಕಿಕೊಂಡು ನಿಂತಿತ್ತು. ಹರಿದುಹಾಕಿದೆ. (ಹಾಗೆನ್ನುವುದು ಹಳೇ ಅಭ್ಯಾಸ. ಡಿಲೀಟ್ ಒತ್ತಿದೆ.)

1, ಇನ್ನೊಮ್ಮೆ

ಒಂದು ಆಫೀಸು. ಮೂರು ಮೇಜು, ಒಂದು ಪ್ರಿಂಟರ್, ತಿರುಗುವಾಗ ಟಿಕ್ ಟಿಕ್ ಅನ್ನುವ ಒಂದು ಫ್ಯಾನು. ಗಂಡ ಹೆಂಡತಿ ಬೇರೆಯಾಗಿ, ಮಕ್ಕಳು ತಾಯಿಯ ಬಳಿ ಉಳಿದ ಮೇಲೆ ಒಂಟಿಯಾಗುವ ತಂದೆಯರಿಗೆ ಇಲ್ಲಿ ಹನ್ನೆರಡು ವಾರ ತರಬೇತಿ. ಸಿಟ್ಟು ಬಂದಾಗ ಏನು ಮಾಡಬೇಕು, ಮಗುವಿನ ಜೊತೆ ಫೋನಿನಲ್ಲಿ “ಊಟ ಆಯ್ತಾ” ಬಿಟ್ಟು ಇನ್ನೇನು ಮಾತಾಡಬಹುದು, ಇಂಥದ್ದೆಲ್ಲ ಹೇಳಿಕೊಡುತ್ತಾರೆ. ಕೊನೆಯಲ್ಲಿ ಕೌಟುಂಬಿಕ ನ್ಯಾಯಾಲಯಕ್ಕೆ ಒಂದು ವರದಿ ಹೋಗುತ್ತದೆ. ಮಗು ಶನಿವಾರ, ಭಾನುವಾರ ತಂದೆಯ ಮನೆಯಲ್ಲಿ ಉಳಿಯಬಹುದೋ ಇಲ್ಲವೋ ಎಂದು ನ್ಯಾಯಾಧೀಶರು ಆ ವರದಿ ನೋಡಿ ಯೋಚಿಸುತ್ತಾರೆ.

ವರದಿಗೆ ಬೇಕಾದ ಲೆಕ್ಕ ಇಡುವವಳು ನಮ್ಮ ಕಥೆಯವಳು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಡೇಟಾ ಅಕ್ಕ. ಒಬ್ಬ ತಂದೆಗೆ ಒಂದು ಸಾಲು. ಎಷ್ಟು ತರಗತಿಗೆ ಬಂದ, ಮಗುವನ್ನು ತಿಂಗಳಿಗೆ ಎಷ್ಟು ಸಲ ನೋಡಿದ, ಮಗುವಿನ ತಾಯಿಯ ಸಹಕಾರ ಇದೆಯೋ ಇಲ್ಲವೋ, ಒಂದೊಂದಕ್ಕೂ ಒಂದೊಂದು ಕಾಲಂ. ಖಾಲಿ ಚೌಕ ಕಂಡರೆ ಅವಳಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿದ ಹಾಗೆ, ತೆಗೆಯುವವರೆಗೂ ಸಮಾಧಾನವಿಲ್ಲ.

ಅವಳೂ ಗಂಡನಿಂದ ಬೇರೆಯಾಗಿದ್ದಾಳೆ, ಒಂಬತ್ತು ವರ್ಷದ ಮಗಳು ಅವಳ ಬಳಿಯೇ ಇದ್ದಾಳೆ. (ಇದನ್ನು ಐದನೇ ಪುಟದವರೆಗೆ ಬಚ್ಚಿಟ್ಟು ನಿಮ್ಮನ್ನು ಬೆಚ್ಚಿಬೀಳಿಸಬಹುದಿತ್ತು. ಮನಸ್ಸು ಬರಲಿಲ್ಲ.)

2

ಒಂದು ಮಂಗಳವಾರ ಇನ್ನೊಂದು ಶಾಖೆಯ ನೂರಾ ಆರು ತಂದೆಯರು ಅವಳ ಪಟ್ಟಿಗೆ ಬಂದು ಸೇರಿದರು. ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಬ್ಬನೇ ತಂದೆ ಎರಡು ಸಾಲಲ್ಲಿ ಕೂತಿರಬಾರದಲ್ಲ, ಅದಕ್ಕೆ ಮಕ್ಕಳ ಹುಟ್ಟಿದ ದಿನಾಂಕ ಹೋಲಿಸುತ್ತ ಬಂದಳು. ಅರವತ್ತೆರಡನೇ ಸಾಲಿನಲ್ಲಿ ಅವಳ ಮಗಳು ಹುಟ್ಟಿದ ದಿನವಿತ್ತು.

ಆ ದಿನ ಹುಟ್ಟಿದ ಮಕ್ಕಳಿಗೇನು ಬರವೇ, ಅಂದುಕೊಂಡಳು. ಪಕ್ಕದ ಕಾಲಂ, ತಂದೆಯ ಉದ್ಯೋಗ: ಲಿಫ್ಟ್ ರಿಪೇರಿ. ಅದರಾಚೆ, ಮಗುವಿಗೆ ಯಾವುದರ ಭಯ: “ಕೈ ಒಣಗಿಸೋ ಮೆಷಿನ್ ಶಬ್ದ. ಅದಿರೋ ಕಡೆ ಬಾತ್‌ರೂಮಿಗೇ ಹೋಗಲ್ಲ.”

ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಮತ್ತೆ ಮುಂದಕ್ಕೆ ಎಳೆದುಕೊಂಡಳು.

ಭೇಟಿ, ತಿಂಗಳಿಗೆ: 4. ತಾಯಿಯ ಸಹಕಾರ: ಇದೆ.

ಎಂಟು ತಿಂಗಳಿಂದ ಲಿಫ್ಟಿನವನು, ಅಂದರೆ ಅವಳ ಮಗಳ ತಂದೆ, ಅವರ ಬಾಗಿಲು ತಟ್ಟಿರಲಿಲ್ಲ. ತಟ್ಟಬೇಡ ಎಂದವಳು ಅವಳೇ. ಮಗಳನ್ನು ಶಾಲೆಯಿಂದ ಕರೆತರುತ್ತೇನೆಂದು ಹೇಳಿ ಒಂದು ದಿನ ಅವನು ಹೋಗಿರಲಿಲ್ಲ. ಹುಡುಗಿ ಬ್ಯಾಗನ್ನು ತಬ್ಬಿಕೊಂಡು ಎರಡು ಗಂಟೆ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. “ಲಿಫ್ಟಲ್ಲಿ ಜನ ಸಿಕ್ಕಾಕೊಂಡಿದ್ರು, ಬಿಟ್ಟು ಬರೋಕಾಗ್ಲಿಲ್ಲ” ಎಂದ. “ಹಾಗಾದ್ರೆ ಅವರನ್ನೇ ನೋಡ್ಕೊ, ಇನ್ಮೇಲೆ ಇಲ್ಲಿಗೆ ಬರಬೇಡ” ಎಂದಳು. ತಿಂಗಳಿಗೆರಡು ಸಲ ನೋಡಲು ನ್ಯಾಯಾಲಯದ ಅನುಮತಿ ಇದ್ದರೂ ಅವನು ಬರಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ.

ಈಗ ನೋಡಿದರೆ ನಾಲ್ಕು! ಅವನು ಸುಳ್ಳು ಹೇಳುವ ಜಾತಿಯವನಲ್ಲ, ಹೇಳಬೇಕಾದ್ದನ್ನೂ ಹೇಳದವನು. ನಾಲ್ಕು ಎಲ್ಲಿಂದ ಬಂತು?

3

ಇಲ್ಲಿ ಅವಳು ಅಳುತ್ತಾಳೆಂದು ನಾನು ಬರೆದಿದ್ದೆ. ಅವಳು ಒಪ್ಪಲಿಲ್ಲ.

“ಅಳೋದೆಲ್ಲ ಬೇಡ. ಕಂಪ್ಯೂಟರ್ ನೋಡಿ ನೋಡಿ ಕಣ್ಣು ಮೊದಲೇ ಉರೀತಿದೆ.”

ಸರಿ, ನಾಲ್ಕನ್ನು ಸೊನ್ನೆ ಮಾಡಿಬಿಡು, ಎರಡು ಸೆಕೆಂಡಿನ ಕೆಲಸ, ಕಥೆಯೂ ಚಿಕ್ಕದಾಗಿ ಚೊಕ್ಕವಾಗಿ ಮುಗಿಯುತ್ತದೆ ಎಂದೆ. ಅವಳ ಬೆರಳು ಕೀಲಿಯ ಮೇಲೆ ಹೋಯಿತು ಕೂಡ. ಸೊನ್ನೆ ಒತ್ತಿದರೆ ವರದಿಯಲ್ಲಿ ಅವನು ಸುಳ್ಳುಗಾರ. ಹಾಗೇ ಬಿಟ್ಟರೆ ಮಗಳು ವಾರಕ್ಕೆರಡು ದಿನ ಅವನ ಮನೆಯಲ್ಲಿ. ಯಾವುದಕ್ಕೆ ಹೆದರಿದೆನೆಂದು ಅವಳಿಗೇ ತಿಳಿಯಲಿಲ್ಲ. ಬೆರಳು ವಾಪಸು ಬಂತು.

4

ಸಂಜೆ ಮಗಳು ಭೂಪಟಕ್ಕೆ ಬಣ್ಣ ಹಾಕುತ್ತಿದ್ದಳು.

“ಮರೀ, ಅಪ್ಪನ್ನ ನೋಡಿ ಎಷ್ಟು ದಿನ ಆಯ್ತು?”

“ಶನಿವಾರ” ಎಂದವಳೇ ನಾಲಿಗೆ ಕಚ್ಚಿಕೊಂಡಳು. ಸಮುದ್ರದ ನೀಲಿ ದಡ ದಾಟಿ ಊರೊಳಗೆ ನುಗ್ಗಿತು.

“ಎಲ್ಲಿ?”

“ಈಜುಕೊಳದಲ್ಲಿ. ಆ ಕಡೆ ಬೆಂಚಲ್ಲಿ ಕೂತಿರ್ತಾರೆ. ನಾನು ಕೈ ಬೀಸ್ತೀನಿ. ಅವರೂ ಬೀಸ್ತಾರೆ. ಅಷ್ಟೇ ಅಮ್ಮಾ. ನಿಜವಾಗ್ಲೂ ಅಷ್ಟೇ.”

“ನಂಗ್ಯಾಕೆ ಹೇಳ್ಲಿಲ್ಲ?”

“ಈಜು ಬಿಡಿಸ್ಬಿಡ್ತೀಯ ಅಂತ.”

ಶನಿವಾರ ಆಫೀಸಿನಲ್ಲಿ ತಂದೆಯರ ತರಗತಿ ಇರುವುದರಿಂದ ಮಗಳನ್ನು ಈಜಿಗೆ ಕರೆದೊಯ್ಯುವುದು ಅಜ್ಜಿಯ ಪಾಲಿಗೆ ಬಿದ್ದಿತ್ತು. ಅವಳು ಅಡುಗೆಮನೆಗೆ ಹೋಗಿ ತಾಯಿಯ ಮುಂದೆ ನಿಂತಳು.

“ನನ್ನನ್ನೇನು ಹಾಗೆ ನೋಡ್ತೀಯ?” ಎಂದರು ಅಜ್ಜಿ, ಪಾತ್ರೆಯಿಂದ ತಲೆಯೆತ್ತದೆ. “ಅವನು ಬಂದು ಬೆಂಚಲ್ಲಿ ಕೂತ್ರೆ ನಾನೇನು ಎಬ್ಬಿಸ್ಲಾ? ಅದೇನು ನಮ್ಮಪ್ಪನ ಮನೆ ಬೆಂಚಾ?”

“ಅಮ್ಮಾ, ನೀನು ಯಾರ ಕಡೆ?”

“ನಾನು ಟವೆಲ್ ಹಿಡ್ಕೊಂಡು ಕೂತಿರೋಳು ಕಣೇ. ನನ್ನನ್ನ ಇದಕ್ಕೆಲ್ಲ ಎಳೀಬೇಡ.”

5

(ಓದುಗರೇ, ನಿಮಗೆ ಯಾರ ಮೇಲೆ ಸಿಟ್ಟು ಬಂತು? ನನಗೆ ದಿನಕ್ಕೊಬ್ಬರ ಮೇಲೆ ಬರುತ್ತಿದೆ.)

ಶನಿವಾರ ಅವಳು ರಜೆ ಹಾಕಿ ಈಜುಕೊಳಕ್ಕೆ ಹೋದಳು. ಕ್ಲೋರಿನ್ ವಾಸನೆ, ಒದ್ದೆ ನೆಲ, ಶಿಳ್ಳೆ, ಮಕ್ಕಳ ಕಿರುಚಾಟ. ಮಗಳು ನೀರಿನಲ್ಲಿದ್ದಳು, ಅಜ್ಜಿ ಈಚೆ ದಡದಲ್ಲಿ ಟವೆಲ್ ಹಿಡಿದು ಕೂತಿದ್ದರು. ಲಿಫ್ಟಿನವನು ಕೆಲಸದ ಶರ್ಟಿನಲ್ಲೇ ಆಚೆ ಬೆಂಚಿನ ತುದಿಯಲ್ಲಿ ಕೂತಿದ್ದ. ಇವಳು ಹೋಗಿ ಇನ್ನೊಂದು ತುದಿಯಲ್ಲಿ ಕೂತಾಗ ಎದ್ದು ಹೋಗಲು ನೋಡಿದ.

“ಕೂತ್ಕೋ. ಭೇಟಿ ನಾಲ್ಕು ಅಂತ ಬರ್ಸಿದೀಯ.”

“ನಾಲ್ಕು ಶನಿವಾರ ಇರುತ್ತಲ್ಲ. ಐದಿದ್ದ ತಿಂಗಳು ಐದು ಅಂತಾನೇ ಬರ್ಸಿದೀನಿ.” ಆಮೇಲೆ ಗಾಬರಿಯಾಗಿ, “ಅದು ನಿನ್ನ ಕೈಗೆ ಹೇಗೆ ಬಂತು? ನಿಮ್ಮ ಆಫೀಸು ಬೇಡ ಅಂತಾನೇ ಭಾನುವಾರ ತರಗತಿ ಇರೋ ಆ ಶಾಖೆಗೆ ಸೇರಿದ್ದೆ.”

“ಅದಿರ್ಲಿ. ದೂರದಲ್ಲಿ ಕೂತು ನೋಡೋದು ಭೇಟಿನಾ?”

“ಫಾರಂನಲ್ಲಿ ಹಾಗೇ ಇತ್ತು. ಒಂದೇ ಜಾಗದಲ್ಲಿ ಅರ್ಧ ಗಂಟೆ ಇದ್ರೆ ಭೇಟಿ ಅಂತ.”

ಆ ವಾಕ್ಯ ಬರೆದವಳು ಅವಳೇ. ಮಾತಾಡಿರಬೇಕು ಎಂದು ಸೇರಿಸುವುದು ಆಗ ಅವಳಿಗೆ ಹೊಳೆದಿರಲಿಲ್ಲ.

“ನನ್ನ ಸಹಕಾರ ಇದೆ ಅಂತಾನೂ ಇದೆ.”

ಅವನು ನಿಜಕ್ಕೂ ಗೊಂದಲಗೊಂಡ. “ಇಲ್ವಾ? ನಿಮ್ಮಮ್ಮ ನನ್ನ ನೋಡಿಯೂ ಏನೂ ಅನ್ಲಿಲ್ಲ. ನೀನೇ ಹೇಳಿ ಕಳಿಸಿದೀಯ ಅನ್ಕೊಂಡೆ. ನೋಡ್ಲಿ, ಮಾತಾಡ್ಸೋದು ಬೇಡ ಅಂತ. ಅಷ್ಟಾದ್ರೂ ಬಿಟ್ಲಲ್ಲ ಅಂತ...”

ಎಂಟು ತಿಂಗಳು ಅವನು ಅವಳಿಗೆ ಮನಸ್ಸಿನಲ್ಲೇ ಕೃತಜ್ಞನಾಗಿದ್ದ, ಅವಳು ಕೊಟ್ಟೇ ಇರದ ಅನುಮತಿಗೆ. ಇದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

(ಇಲ್ಲಿ ಮೂವರೂ ಐಸ್‌ಕ್ರೀಂ ತಿನ್ನಲು ಹೋಗುವ ಒಂದು ಮುಕ್ತಾಯ ನನ್ನ ಬಳಿ ಸಿದ್ಧವಿತ್ತು. ಅವಳು ನನ್ನನ್ನು ನೋಡಿದ ನೋಟಕ್ಕೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.)

ಆದದ್ದು ಇಷ್ಟು. ಶಿಳ್ಳೆ ಕೂಗಿತು. ಮಗಳು ನೀರಿನಿಂದ ಮೇಲೆ ಬಂದಳು. ಒಂದೇ ಬೆಂಚಿನ ಎರಡು ತುದಿಯಲ್ಲಿ ಅಪ್ಪ, ಅಮ್ಮ. ಇಬ್ಬರೂ ಏಳಲು ಹೋದರು, ಇಬ್ಬರೂ ಅರ್ಧಕ್ಕೇ ನಿಂತರು. ಹುಡುಗಿ ನಡುಗುತ್ತ ಒಮ್ಮೆ ಇವನನ್ನು, ಒಮ್ಮೆ ಇವಳನ್ನು ನೋಡಿದಳು. ಆಮೇಲೆ ನೇರವಾಗಿ ಅಜ್ಜಿಯ ಬಳಿ ಹೋಗಿ ಟವೆಲ್ಲಿನೊಳಗೆ ಮುಖ ಮುಚ್ಚಿಕೊಂಡಳು.

6

ಸೋಮವಾರ ಅವಳು ಮೇಲಧಿಕಾರಿಯ ಮುಂದೆ ನಿಂತಳು. ಬಾಯಿ ಬಿಟ್ಟರೆ ಶೇಕಡಾವಾರಿನಲ್ಲೇ ಮಾತಾಡುವುದರಿಂದ ಅವರಿಗೆ ಶೇಕಡಾ ಸಾರ್ ಎಂದು ಹೆಸರು ಬಿದ್ದಿದೆ.

“ಸಾರ್, ಅರವತ್ತೆರಡನೇ ಸಾಲು ನಾನು ನೋಡಬಾರದು. ನನ್ನ ಮಗಳ ತಂದೆ ಅವರು. ನೋಡಿಬಿಟ್ಟಿದೀನಿ. ತಪ್ಪಾಯ್ತು.”

ಶೇಕಡಾ ಸಾರ್ ಕನ್ನಡಕ ತೆಗೆದರು. ಜೀವನದಲ್ಲಿ ಮೊದಲ ಸಲ ಅವರ ಬಾಯಿಗೆ ಯಾವ ಅಂಕಿಯೂ ಬರಲಿಲ್ಲ. “ಏನಾದ್ರೂ ತಿದ್ದಿದ್ದೀರೇನಮ್ಮ?”

“ಇಲ್ಲ ಸಾರ್. ತಿದ್ದಬೇಕು ಅನ್ನಿಸ್ತು.”

“ಅನ್ನಿಸಿದ್ದಕ್ಕೆ ನಮ್ಮಲ್ಲಿ ಕಾಲಂ ಇಲ್ಲ, ಬಿಡಿ. ಫೋನಿನ ಹುಡುಗಿಗೆ ಕೊಡಿ, ಅವಳು ವಿಚಾರಿಸಲಿ.”

ಫೋನಿನ ಹುಡುಗಿ ಎಂದರೆ ಮೂರನೇ ಮೇಜಿನವಳು. ತಂದೆ ಕೊಟ್ಟ ಲೆಕ್ಕ ಸರಿಯೇ ಎಂದು ತಾಯಂದಿರಿಗೆ ಫೋನ್ ಮಾಡಿ ಕೇಳುವುದು ಅವಳ ಕೆಲಸ. ನಿಯಮವೆಂದರೆ ನಿಯಮ, ಆರಡಿ ದೂರದಲ್ಲಿ ಕೂತವಳಿಗೂ ಫೋನ್ ಮಾಡಿಯೇ ಕೇಳಬೇಕು. ಅವಳು ಸಂಕೋಚದಿಂದ ಗೋಡೆಯ ಕಡೆ ತಿರುಗಿ ನಂಬರ್ ಒತ್ತಿದಳು.

“ನಮಸ್ಕಾರ. ಮಗುವಿನ ತಂದೆ ಮಗುವನ್ನು ಭೇಟಿ ಮಾಡುತ್ತಿದ್ದಾರೆಯೇ?”

“ಹೌದು.”

“ತಿಂಗಳಿಗೆ ಎಷ್ಟು ಸಲ?”

“ನಾಲ್ಕು. ಐದೂ ಉಂಟು.”

“ಅದಕ್ಕೆ ನಿಮ್ಮ ಸಹಕಾರ ಇದೆಯೇ?”

(ಇಲ್ಲಿ ನಾನು “ಇದೆ” ಎಂದು ಬರೆದೆ, ಅಳಿಸಿದೆ. “ಇಲ್ಲ” ಎಂದು ಬರೆದೆ, ಅಳಿಸಿದೆ.)

“ಇರ್ಲಿಲ್ಲ. ಆದ್ರೆ ಅವನು ಸುಳ್ಳು ಹೇಳಿಲ್ಲ. ಇದೆ ಅಂತ ನಂಬಿದ್ದ.”

“ಅಕ್ಕಾ, ಹೌದು, ಇಲ್ಲ, ಎರಡೇ ಇರೋದು.”

“ಇಲ್ಲ ಅಂತ ಒತ್ತು.”

“ಬೇರೆ ಏನಾದರೂ ಹೇಳುವುದಿದೆಯೇ?”

ಈ ಪ್ರಶ್ನೆಗೆ ತಾಯಂದಿರು ಸಾಮಾನ್ಯವಾಗಿ ಏನೂ ಇಲ್ಲ ಎಂದು ಫೋನ್ ಇಟ್ಟುಬಿಡುತ್ತಾರೆ. ಅವಳು ಇಡಲಿಲ್ಲ.

“ಮೊನ್ನೆ ಮನೆಗೆ ಬಂದ್ಮೇಲೆ ಮಗಳಿಗೆ ಹೇಳ್ದೆ, ಮುಂದಿನ ಶನಿವಾರದಿಂದ ಅಪ್ಪನ ಜೊತೆ ಮಾತಾಡು, ನಾನೂ ಬರ್ತೀನಿ ಅಂತ. ಖುಷಿಯಾಗ್ತಾಳೆ ಅನ್ಕೊಂಡಿದ್ದೆ. ಅವಳ ಮುಖ ಇಷ್ಟು ಸಣ್ಣ ಆಗೋಯ್ತು. ‘ನೀನು ಬರಬೇಡಮ್ಮಾ, ನೀನಿದ್ರೆ ಅಪ್ಪ ಕೈ ಬೀಸಲ್ಲ’ ಅಂದ್ಲು. ನಂಗೆ ಅರ್ಥ ಆಗ್ತಿಲ್ಲ ಕಣೇ. ನಾನು ಹೋಗ್ಬೇಕಾ, ಬೇಡ್ವಾ?”

ಅವಳು ಮಾತಾಡುತ್ತಲೇ ಇದ್ದಳು. ಈ ಉತ್ತರ ಬರೆದುಕೊಳ್ಳುವ ಚೌಕದಲ್ಲಿ ಇನ್ನೂರೈವತ್ತು ಅಕ್ಷರ ಮಾತ್ರ ಹಿಡಿಯುತ್ತದೆ. ಕರ್ಸರ್ ನಿಂತುಬಿಟ್ಟಿತು.

“ಅಕ್ಕಾ, ಜಾಗ ಮುಗೀತು.”

“ಬರ್ಕೋಬೇಡ ಬಿಡು. ಕೇಳಿಸ್ಕೋ, ಸಾಕು.”

ಫೋನಿನ ಹುಡುಗಿ ಕುರ್ಚಿಯನ್ನು ಇವಳ ಕಡೆ ತಿರುಗಿಸಿದಳು. ಫೋನ್ ಮಾತ್ರ ಇಬ್ಬರ ಕಿವಿಯಲ್ಲೂ ಹಾಗೇ ಇತ್ತು.

ನ್ಯಾಯಾಧೀಶರು ಏನೆಂದರು, ಮುಂದಿನ ಶನಿವಾರ ಬೆಂಚಿನಲ್ಲಿ ಯಾರು ಕೂತಿದ್ದರು, ನನ್ನನ್ನು ಕೇಳಬೇಡಿ. ಒಂದೊಂದಕ್ಕೂ ಮೂರು ಮೂರು ಉತ್ತರ ಬರೆದು ನೋಡಿದ್ದೇನೆ. ಒಂದನ್ನೂ ಅವಳಿಗೆ ಓದಿ ಹೇಳುವ ಧೈರ್ಯವಿಲ್ಲ. ಸದ್ಯಕ್ಕೆ ಅವಳ ಮಾತಿಗೆ ಅಡ್ಡ ಬರದಿದ್ದರೆ ಸಾಕು.

“ಆಮೇಲೆ ಇನ್ನೊಂದು ವಿಷಯ,” ಎಂದಳು ಅವಳು, “ಅವಳು ಈಜುವಾಗ ಹೇಗೆ ಕಾಣ್ತಾಳೆ ಅಂತ ಮೊನ್ನೆವರೆಗೂ ನಾನು ನೋಡೇ ಇರ್ಲಿಲ್ಲ, ಅವನು ಮೂವತ್ತು ಸಲ ನೋಡಿದಾನೆ, ಅದಕ್ಕೆ ನಾನು ಏನ್ ಅನ್ಕೊಂಡೆ ಅಂದ್ರೆ,